ದುಭಾಷಿ

ಲಾರೆನ್ಸ್ ಊರಿನ ಕ್ಲಿನಿಕ್ಕಿನಲ್ಲಿ ಏಳು ವರ್ಷ
ನಾನೇ ಅಮ್ಮನ ನಾಲಿಗೆ.
ಮೊಣಕಾಲ ನೋವು, ಸಕ್ಕರೆ, ಕಣ್ಣಿನ ಪೊರೆ,
ರಾತ್ರಿ ಎದ್ದೆದ್ದು ಬಚ್ಚಲಿಗೆ ಹೋಗುವುದು,
ಎಲ್ಲ ಸ್ಪ್ಯಾನಿಷ್‌ನಿಂದ ಮೊಗೆದು ಇಂಗ್ಲಿಷಿಗೆ ಸುರಿದೆ
ಒಂದು ಹನಿ ಚೆಲ್ಲದ ಹಾಗೆ.
ಹಾಗೆಂದುಕೊಂಡಿದ್ದೆ.

ಮಾರ್ಚ್ ತಿಂಗಳು. ಗಿರಣಿಗೋಡೆಯ ಬುಡಕ್ಕೆ ಕೊಳೆ ಹಿಮ.
ಹೊಸ ಡಾಕ್ಟರು, ನನ್ನ ಮಗನಿಗಿಂತ ತುಸು ದೊಡ್ಡವನು,
ಪರದೆಯಿಂದ ಕಣ್ಣೆತ್ತದೆ ಕೇಳಿದ:
ಇವರಿಗೆ ಗಂಡಸಿನ ಸಂಗ ಇದೆಯೆ, ಈಗ?

ನಕ್ಕುಬಿಟ್ಟೆ.
ಅರವತ್ತೇಳು ಇವಳಿಗೆ, ಅಂದೆ. ಗಂಡ ತೀರಿಹೋಗಿದ್ದಾನೆ, ಅಂದೆ.
ಅವನಿಗೂ ನಿರಾಳ. ಇಲ್ಲ ಎಂಬಲ್ಲಿ ಒತ್ತಿದ, ಟಕ್.
ಏನಂತೆ? ಎಂದಳು ಕಸಿಲ್ದಾ, ನನ್ನಮ್ಮ, ನನ್ನ ನಗೆ ಕಂಡು.
ಉಪ್ಪು ಕಡಿಮೆ ಮಾಡಬೇಕಂತೆ, ಅಂದೆ.
ಅಂದಿನಿಂದ ಅವಳ ಕೆಂಪು ಕಾಳಿನ ಸಾರಿಗೆ ಉಪ್ಪಿಲ್ಲ.
ನನ್ನ ಸುಳ್ಳನ್ನು ಪಥ್ಯದ ಹಾಗೆ ಪಾಲಿಸಿದಳು.

ಮಂಗಳವಾರ ತುಟಿಗೆ ಬಣ್ಣ ಹಚ್ಚುತ್ತಿದ್ದಳು.
ಜಪಮಾಲೆಯ ಗುಂಪಿಗೆ, ಎಂದು ನನ್ನ ಲೆಕ್ಕ.
ನ್ಯೂಯಾರ್ಕಿನಿಂದ ಬಾಳೆಕಾಯಿ ತರುವ ಎಲೀಹಿಯೊನ ವ್ಯಾನು
ಎಂಜಿನ್ ಆರಿಸಿ ನಮ್ಮ ಬೀದಿಯಲ್ಲಿ ಎರಡು ಗಂಟೆ.
ಒಂದು ಗೊನೆ ಇಳಿಸಲು ಅಷ್ಟು ಹೊತ್ತೇ
ಎಂದು ಇಡೀ ಬೀದಿಯಲ್ಲಿ ಕೇಳಿಕೊಳ್ಳದವಳು ನಾನೊಬ್ಬಳೇ.

ಆಮೇಲೆ ಸೊಂಟದ ಸುತ್ತ ಸರ್ಪಸುತ್ತು.
ಬಿಡದ ಕೆಮ್ಮು. ಉಂಗುರ ಜಾರಿ ಸಿಂಕಿನೊಳಗೆ ಬಿತ್ತು.
ವಯಸ್ಸು, ಅಂದರು ಡಾಕ್ಟರು.
ವಯಸ್ಸು, ಅಂದೆ ನಾನು, ಅನುವಾದಿಸಿ.
ಎರಡು ಚಳಿಗಾಲ ಹೀಗೇ.

ಕಡೆಗೆ ದೊಡ್ಡಾಸ್ಪತ್ರೆ. ನರ್ಸ್ ನೆರೆಯ್ದಾ, ಪೋರ್ಟೊರಿಕೊದವಳು,
ನೀವು ಹೋಗಿ ಒಂದು ಕಾಫಿ ಕುಡಿದು ಬನ್ನಿ, ಎಂದು
ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.
ಕಾಫಿ ಆರಿತು. ಒಳಗಿಂದ ಅಮ್ಮನ ದನಿ
ನಿಲ್ಲದೆ, ತಡವರಿಸದೆ,
ಯಾರಾದರೂ ಕೇಳಲಿ ಎಂದೇ ಕಾದು ಕೂತವಳ ಹಾಗೆ.

ಮನೆಯಲ್ಲಿ ಗೆಣಸು ಹೆರೆಯುತ್ತ ಹೇಳಿದಳು:
ರಬ್ಬರು ಮಕ್ಕಳಾಗದಿರಲಿ ಅಂತ ತಾನೆ?
ಮುಟ್ಟು ನಿಂತು ಹದಿನೈದು ವರ್ಷ, ಯಾರನ್ನು ತಡೆಯಲಿ?
ಹಾಕಿಕೋ ಅಂದರೆ, ನಿನಗಿದೆಲ್ಲ ಹೇಗೆ ಗೊತ್ತು ಅಂತಾನೆ.
ನಿನ್ನಪ್ಪ ಎಲ್ಲೆಲ್ಲಿ ತಿರುಗಿದ ಎಂದು ಗೊತ್ತಿದ್ದೂ
ಅವನಿಗೇ ಅನ್ನದವಳು ನಾನು.
ಮರ್ಯಾದಸ್ಥ ಹೆಂಗಸು ಕಣ್ಣು ಮುಚ್ಚಿಕೊಂಡು ಬಾಳುತ್ತಾಳೆ,
ನಮ್ಮಮ್ಮ ಹೇಳಿದ್ದು. ನಿನಗೂ ಹೇಳಿದೆನಲ್ಲ.
ಮತ್ತೆ ಆ ಕಾಯಿಲೆ ಅಂಥವರಿಗೆ ಬರುವುದು ಅಂತ
ಟೀವಿ ಮುಂದೆ ಕೂತು ಅಂದವಳು ನೀನೇ.

ಚಾಕು ಕೆಳಗಿಟ್ಟಳು.
ಅವನು ನನ್ನ ಪಾದ ಒತ್ತುತ್ತಿದ್ದ, ಅಂದಳು.
ನಿನ್ನಪ್ಪ ಹೋದ ಮೇಲೆ
ನನ್ನನ್ನು ಮುಟ್ಟಿದ್ದು ಬಿ.ಪಿ. ನೋಡುವ ಪಟ್ಟಿಯೊಂದೇ.

ಈಗ ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ.
ಸೀಸೆಯ ಚೀಟಿಯನ್ನು ಉಗುರಲ್ಲಿ ಕೆರೆದು ತೆಗೆದು
ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದಾಳೆ.
ಜಪದ ಗೆಳತಿಯರು ಕೇಳಿದರೆ ರಕ್ತದೊತ್ತಡಕ್ಕೆ ಎನ್ನುತ್ತೇನೆ,
ಈ ಸುಳ್ಳು ಅವಳೇ ಹೇಳಿಸಿದ್ದು.
ರಕ್ತದಲ್ಲಿ ವೈರಸ್ ಈಗ ಕಾಣುತ್ತಿಲ್ಲ,
ಮಾತ್ರೆ ತಪ್ಪಿಸದಿದ್ದರೆ ಸಾಕು ಎಂದರು ಡಾಕ್ಟರು.
ಅದನ್ನು ಅಕ್ಷರ ಬಿಡದೆ ಹೇಳಿದೆ.
ಇನ್ನೊಮ್ಮೆ ಹೇಳು, ಅಂದಳು.
ಇನ್ನೊಮ್ಮೆ ಹೇಳಿದೆ.
ಎಲೀಹಿಯೊನ ವ್ಯಾನು ಈ ಬೀದಿಗೆ ಬರುವುದಿಲ್ಲ.
ಉಪ್ಪಿನ ವಿಷಯ ಮಾತ್ರ ಇನ್ನೂ ಹೇಳಿಲ್ಲ.

ಹೋದ ವಾರ ನನ್ನದೇ ತಪಾಸಣೆ.
ನಲವತ್ತಾರು ನನಗೆ, ಗಂಡನನ್ನು ಬಿಟ್ಟವಳು,
ಭಾನುವಾರಗಳಿಗೆ ಒಬ್ಬನಿದ್ದಾನೆ.
ಅದೇ ಕೋಣೆ, ಅದೇ ಹುಡುಗ, ಅದೇ ಪ್ರಶ್ನೆ.
ನಡುವೆ ಯಾವ ಭಾಷೆಯ ಅಡ್ಡಿಯೂ ಇಲ್ಲ.
ಬಾಯಿ ತೆರೆದೆ,
ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿದೆ.